ಮೀನಾಭಾವ ಮೀಮಾಂಸೆ

ಪೀಠಿಕಾ ಪ್ರಕರಣ

ಮೀನು ಹಿಡಿಯುವ ವಿಚಾರದಲ್ಲಿ ಈವರೆಗೆ ಬಂದಿರುವ ಗ್ರಂಥಗಳಿಗೆಲ್ಲ ಒಂದೇ ದೋಷ. ಅವನ್ನು ಬರೆದವರು ಮೀನು ಹಿಡಿದವರು. ಹಿಡಿದವನಿಗೆ ತನ್ನ ಮೀನಿನ ಮೇಲೆ ಮೋಹ ಹುಟ್ಟುತ್ತದೆ, ಹೇಳುತ್ತ ಹೇಳುತ್ತ ಅದರ ಉದ್ದ ಎರಡು ಇಂಚು ಬೆಳೆಯುತ್ತದೆ, ಅಲ್ಲಿಗೆ ಶಾಸ್ತ್ರ ಕೆಟ್ಟಿತು. ಪ್ರಸ್ತುತ ಪ್ರಬಂಧಕಾರನಿಗೆ ಈ ದೋಷ ತಟ್ಟಿಲ್ಲ. ಸಾಲದ್ದಕ್ಕೆ ಅವನು ಹುಟ್ಟಾ ಸಸ್ಯಾಹಾರಿ. ಹಿಡಿಯಲು ಬಾರದ, ಹಿಡಿದರೂ ತಿನ್ನಲಾಗದ ವಸ್ತುವನ್ನು ಹುಡುಕಿಕೊಂಡು ನೂರು ಮೈಲಿ ಹೋಗುವುದಕ್ಕಿಂತ ನಿಷ್ಕಾಮವಾದ ಸಂಶೋಧನೆ ಇನ್ನೊಂದಿಲ್ಲವೆಂದು ತಿಳಿಯತಕ್ಕದ್ದು.

ಪ್ರಾಚೀನರ ಪದ್ಧತಿಯಂತೆ ಮೊದಲು ಅನುಬಂಧ ಚತುಷ್ಟಯ ಹೇಳಬೇಕು. ವಿಷಯ: ಅಮೆರಿಕದ ಜಾರ್ಜಿಯಾ ರಾಜ್ಯದ ಫ್ಲಿಂಟ್ ನದಿಯಲ್ಲಿರುವ ಶೋಲ್ ಬ್ಯಾಸ್ ಎಂಬ ಅಪರೂಪದ ಮೀನು. ಸಂಬಂಧ: ನನಗೂ ಮೀನಿಗೂ ಇಲ್ಲ, ಅದನ್ನು ಹಿಡಿಯಹೊರಟವನಿಗೂ ನನಗೂ ಇದೆ, ಅವನು ನನ್ನ ಹೆಂಡತಿಯ ತಮ್ಮ. ಪ್ರಯೋಜನ: ಇನ್ನೂ ವಿಚಾರಣೆಯಲ್ಲಿದೆ. ಅಧಿಕಾರಿಗಳು: ನಾಲ್ವರು. ಬದುಕಿರುವವರ ಮಾನ ಕಾಯುವ ಸಲುವಾಗಿ ಅವರನ್ನು ಹೆಸರಿನಿಂದ ಕರೆಯದೆ ಪಕ್ಷದಿಂದ ಕರೆಯಲಾಗಿದೆ.

ಭಾವಮೈದುನ ಸಿದ್ಧಾಂತಿ. ಹಗಲು ಡೇಟಾಬೇಸ್ ಕಾಯುತ್ತಾನೆ, ರಾತ್ರಿ ಮೀನಿನ ವಿಡಿಯೊ ನೋಡುತ್ತಾನೆ. ಮೂರು ತಿಂಗಳಲ್ಲಿ ನೀರಿಗೆ ಕಾಲಿಡದೆಯೇ ಬ್ಯಾಸ್ ಶಾಸ್ತ್ರದಲ್ಲಿ ಘನಪಾಠಿಯಾದವನು. ಜಾರ್ಜಿಯಾದ ವನ್ಯಜೀವಿ ಇಲಾಖೆ ‘ಬ್ಯಾಸ್ ಸ್ಲ್ಯಾಮ್’ ಎಂಬ ಒಂದು ವ್ರತವನ್ನು ನಡೆಸುತ್ತದೆ. ಒಂದೇ ವರ್ಷದಲ್ಲಿ ಐದು ಬಗೆಯ ಬ್ಯಾಸ್ ಹಿಡಿದವರಿಗೆ ಸರ್ಟಿಫಿಕೇಟು. ಸರ್ಟಿಫಿಕೇಟು ಇದೆಯೆಂದ ಮೇಲೆ ನಮ್ಮ ಕಡೆಯ ಹುಡುಗ ಸುಮ್ಮನಿರುತ್ತಾನೆಯೇ?

ಎರಡನೆಯವರು ಪೂರ್ವಪಕ್ಷಿ. ಉಡುಪಿ ಕಡೆಯವರು. ಉಪ್ಪುನೀರಿನಲ್ಲಿ ಇಲ್ಲದ್ದು ಮೀನೇ ಅಲ್ಲ, ಬಂಗುಡೆ ಅಂಜಲ್ ಕಾಣೆ ಬಿಟ್ಟು ಉಳಿದದ್ದೆಲ್ಲ ನೀರಿನಲ್ಲಿ ಬಿದ್ದ ಹುಳ ಎಂಬುದು ಅವರ ದರ್ಶನ. ಹಾಗಿದ್ದೂ ಬರುವಾಗ ದೊಡ್ಡದೊಂದು ಐಸ್ ಪೆಟ್ಟಿಗೆ ತಂದಿದ್ದರು. ಮೂರನೆಯವರು ಧಾರವಾಡದ ನಿರುಕ್ತಕಾರರು; ಮೀನಿನಲ್ಲಿ ಆಸಕ್ತಿಯಿಲ್ಲ, ಮಾತಿನಲ್ಲಿದೆ. ನಾಲ್ಕನೆಯವನು ನಾನು, ವ್ಯಾನಿನ ಸಾರಥಿ. ನಮ್ಮ ಸಾಹಿತ್ಯದಲ್ಲಿ ಸಾರಥಿಗಳು ಉಪದೇಶ ಮಾಡುವುದುಂಟು. ಈ ವ್ಯಾನಿನಲ್ಲಿ ಸಾರಥಿಯ ಮಾತನ್ನು ಜಿಪಿಎಸ್ ಕೂಡ ಕೇಳುತ್ತಿರಲಿಲ್ಲ.

ಸಂಶಯವನ್ನು ಎತ್ತಿದವಳು ನನ್ನ ಹೆಂಡತಿ, ಶುಕ್ರವಾರ ರಾತ್ರಿ, ಪುಳಿಯೋಗರೆ ಗೊಜ್ಜು ಕಲಸುತ್ತ.

“ಅಲ್ಲಾ, ಹಿಡಿದಿದ್ದನ್ನ ಮತ್ತೆ ನೀರಿಗೇ ಬಿಡ್ತೀರಿ ಅಂದ್ಮೇಲೆ, ಅಷ್ಟು ದೂರ ಹೋಗಿ ಅದನ್ನ ನೀರಿಂದ ಯಾಕ್ರೀ ತೆಗೀಬೇಕು?”

“ಅಕ್ಕಾ, ಅದು ಕನ್ಸರ್ವೇಶನ್ ಕಣೆ,” ಎಂದ ಸಿದ್ಧಾಂತಿ.

“ಹಾಗಾದ್ರೆ ಮನೇಲೇ ಬಿದ್ಕೊಂಡಿರೋದು ಇನ್ನೂ ದೊಡ್ಡ ಕನ್ಸರ್ವೇಶನ್ ಅಲ್ವೇನೋ?”

ಈ ಆಕ್ಷೇಪಕ್ಕೆ ಸಮಾಧಾನ ಹುಡುಕುವುದೇ ಈ ಪ್ರಬಂಧದ ಉದ್ದೇಶ. ಸಿಕ್ಕಿದೆಯೆಂದು ಈಗಲೇ ಆಸೆ ಹುಟ್ಟಿಸುವುದಿಲ್ಲ.

ನಾಮ ಪ್ರಕರಣ

ಬ್ಯಾಸ್ ಎಂಬುದು ಬ್ಯಾಸ್ ಅಲ್ಲ. ಇದು ಈ ಶಾಸ್ತ್ರದ ಮೊದಲ ಸೂತ್ರ. ಯುರೋಪಿನ ಕಡಲಲ್ಲಿ ಬ್ಯಾಸ್ ಎಂಬ ಮೀನು ಬೇರೆಯೇ ಇದೆ. ಅಲ್ಲಿಂದ ಅಮೆರಿಕಕ್ಕೆ ಬಂದವರು ಇಲ್ಲಿನ ನದಿಗಳಲ್ಲಿ ಕಂಡದ್ದಕ್ಕೂ ಅದೇ ಹೆಸರು ಹಿಡಿದು ಕರೆದರು. ಕುಲ ನೋಡಿದರೆ ಇವು ಸನ್‌ಫಿಶ್ ಎಂಬ ಮನೆತನಕ್ಕೆ ಸೇರಿದವು. ಧಾರವಾಡದ ನಿರುಕ್ತಕಾರರು ಇದನ್ನು ಒಪ್ಪುವುದಿಲ್ಲ. “ಬ್ಯಾಸಿಗ್ಯಾಗ ಹಿಡಿಯೂದಕ್ಕ ಬ್ಯಾಸ್ ಅಂತಾರ. ಸಿಗಲಿಲ್ಲಂದ್ರ ಬ್ಯಾಸರ ಅಂತಾರ. ಎರಡಕ್ಕೂ ಧಾತು ಒಂದ,” ಎಂಬುದು ಅವರ ವ್ಯುತ್ಪತ್ತಿ. ಶನಿವಾರ ಸಂಜೆಯ ಹೊತ್ತಿಗೆ ಇದೇ ಹೆಚ್ಚು ಸಮರ್ಪಕವೆಂದು ನಮಗೆಲ್ಲ ತೋರಿತು.

ಜಾತಿನಾಮದ ಕಥೆ ಇದಕ್ಕಿಂತ ಸ್ವಾರಸ್ಯ. ಈ ಬ್ಯಾಸ್‌ಗಳಿಗೆಲ್ಲ ಶಾಸ್ತ್ರದಲ್ಲಿ ಮೈಕ್ರಾಪ್ಟೆರಸ್ ಎಂದು ಹೆಸರು, ಕಿರುರೆಕ್ಕೆಯದ್ದು ಎಂದು ಅರ್ಥ. ಇವುಗಳ ಈಜುರೆಕ್ಕೆ ಕಿರಿದೇನೂ ಅಲ್ಲ. 1802ರಲ್ಲಿ ಫ್ರಾನ್ಸಿನ ಲಾಸೆಪೆದ್ ಎಂಬ ಪಂಡಿತರ ಕೈಗೆ ಬಂದ ಮೀನಿನ ಬೆನ್ನಿನ ರೆಕ್ಕೆ ಹಿಂಭಾಗದಲ್ಲಿ ಮುರಿದುಹೋಗಿತ್ತು. ಮುರಿದು ಉಳಿದ ತುಂಡನ್ನು ಅವರು ಪ್ರತ್ಯೇಕವಾದ ಪುಟ್ಟ ರೆಕ್ಕೆಯೆಂದು ತಿಳಿದರು. ಒಬ್ಬ ಅಜ್ಜನ ಹಲ್ಲು ಬಿದ್ದದ್ದನ್ನು ನೋಡಿ ಇಡೀ ವಂಶಕ್ಕೆ ಬೊಚ್ಚುಬಾಯವರು ಎಂದು ಮನೆತನದ ಹೆಸರು ಬಿದ್ದ ಹಾಗೆ. ಎರಡು ಶತಮಾನ ಕಳೆದರೂ ಹೆಸರು ಹಾಗೇ ಇದೆ. ವಿದ್ವತ್ತಿನಲ್ಲಿ ತಪ್ಪು ಮಾಡುವುದಾದರೆ ಮೊದಲು ಮಾಡಿಬಿಡಬೇಕು. ಮೊದಲು ಮಾಡಿದ ತಪ್ಪಿಗೆ ಪ್ರಾಶಸ್ತ್ಯ ನಿಯಮದ ರಕ್ಷಣೆ ಇರುತ್ತದೆ.

ನಮ್ಮ ಮೀನಿನ ಪೂರ್ಣ ಹೆಸರು ಮೈಕ್ರಾಪ್ಟೆರಸ್ ಕ್ಯಾಟರಾಕ್ಟೆ. ಎರಡನೆಯ ಪದಕ್ಕೆ ಅಬ್ಬಿಯದು, ಜಲಪಾತದ್ದು ಎಂದರ್ಥ. ಇದನ್ನು ವಿಲಿಯಮ್ಸ್ ಮತ್ತು ಬರ್ಜೆಸ್ ಎಂಬ ಇಬ್ಬರು ವಿಜ್ಞಾನಿಗಳು ವಿವರಿಸಿದ್ದು 1999ರಲ್ಲಿ. ಮೀನಿಗೆ ಇದರಿಂದ ಹೊಸದಾಗಿ ಏನೂ ಆಗಲಿಲ್ಲ, ಅದು ಮೊದಲೂ ಅಲ್ಲೇ ಇತ್ತು. ಆದರೆ ಅಲ್ಲಿಯವರೆಗೆ ಅದರ ಹೆಸರು ರೆಡ್‌ಐ ಬ್ಯಾಸ್ ಎಂಬ ಚಿಕ್ಕಪ್ಪನ ಮನೆಯ ರೇಷನ್ ಕಾರ್ಡಿನಲ್ಲಿ ಸೇರಿಹೋಗಿತ್ತು. ಈಗ ಬೇರೆ ಕಾರ್ಡು ಆಯಿತು. 2013ರಲ್ಲಿ ಆ ರೆಡ್‌ಐ ಮನೆಯೇ ಪಾಲಾಗಿ ಇನ್ನೂ ನಾಲ್ಕು ಹೊಸ ಹೆಸರುಗಳು ಬಂದವು. 2022ರಲ್ಲಿ ಇನ್ನೂ ದೊಡ್ಡ ಖಾತೆ ಬದಲಾವಣೆ. ಲಾರ್ಜ್‌ಮೌತ್ ಬ್ಯಾಸ್ ಎಂಬ ಹಿರಿಯ ಯಜಮಾನನ ‘ಸಾಲ್ಮಾಯ್ಡಿಸ್’ ಎಂಬ ಹೆಸರು ನಿಜಕ್ಕೂ ಫ್ಲಾರಿಡಾದ ಬ್ಯಾಸ್‌ಗೆ ಸೇರಬೇಕಾದದ್ದು ಎಂದು ತೀರ್ಮಾನಿಸಿ ಅದನ್ನು ಅತ್ತ ಕೊಟ್ಟು, ಯಜಮಾನನಿಗೆ ‘ನಿಗ್ರಿಕನ್ಸ್’ ಎಂಬ ಹಳೆಯ ಹೆಸರೊಂದನ್ನು ಅಟ್ಟದಿಂದ ಇಳಿಸಿ ಕೊಟ್ಟರು. ನಮ್ಮೂರ ಉಪನೋಂದಣಿ ಕಚೇರಿಗಳಲ್ಲಿ ಇಂಥದ್ದು ನಡೆದಿದ್ದರೆ ಮೂರು ತಲೆಮಾರು ಕೋರ್ಟಿಗೆ ಅಲೆಯುತ್ತಿದ್ದವು. ಮೀನುಗಳು ಸುಮ್ಮನಿವೆ.

ಶೋಲ್ ಎಂದರೆ ನದಿಯ ತಳದ ಬಂಡೆ ಮೇಲೆದ್ದು, ನೀರು ತೆಳ್ಳಗಾಗಿ ಸದ್ದು ಮಾಡುತ್ತ ಇಳಿಯುವ ಜಾಗ. ಈ ಮೀನು ಅಲ್ಲೇ ಇರುತ್ತದೆ. ಬಂಡೆಯ ಮರೆಯಲ್ಲಿ ನೀರಿನ ಸೆಳೆತ ತಪ್ಪಿಸಿಕೊಂಡು ನಿಂತು, ಮೇಲಿನಿಂದ ಕೊಚ್ಚಿಕೊಂಡು ಬರುವ ಸಣ್ಣ ಮೀನು, ಹುಳ, ಕ್ರೇಫಿಶ್ ಎಂಬ ಸಿಹಿನೀರಿನ ಸಿಗಡಿಯಂಥ ಪ್ರಾಣಿ, ಇವನ್ನು ಹಾರಿ ಹಿಡಿಯುತ್ತದೆ. ದಾಖಲೆಯಲ್ಲಿರುವ ಅತಿ ದೊಡ್ಡ ಶೋಲ್ ಬ್ಯಾಸ್ 8 ಪೌಂಡ್ 12 ಔನ್ಸ್ ತೂಗಿತ್ತು, ಅಂದರೆ ನಾಲ್ಕು ಕಿಲೋಗೆ ಕೊಂಚ ಕಮ್ಮಿ. 1995ರಲ್ಲಿ ಫ್ಲಾರಿಡಾದ ಅಪಲಾಚಿಕೋಲ ನದಿಯಲ್ಲಿ ಸಿಕ್ಕಿದ್ದು.

ಕನ್ನಡಿಗರಿಗೆ ಈ ವಿಷಯದಲ್ಲಿ ಮಾತನಾಡುವ ಹಕ್ಕಿದೆಯೇ ಎಂದು ಕೆಲವರು ಕೇಳಬಹುದು. ಅಂಥವರು ‘ಮಾನಸೋಲ್ಲಾಸ’ವನ್ನು ನೋಡಬೇಕು. 1130ರ ಆಸುಪಾಸಿನಲ್ಲಿ ಕಲ್ಯಾಣದಲ್ಲಿ ಆಳುತ್ತಿದ್ದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಅದರಲ್ಲಿ ಮತ್ಸ್ಯವಿನೋದವೆಂದೇ ಒಂದು ಅಧ್ಯಾಯ ಬರೆದಿದ್ದಾನೆ. ಕಡಲಿನ ಮೀನು, ಹೊಳೆಯ ಮೀನು, ಹುರುಪೆ ಇರುವವು, ಇಲ್ಲದವು, ಯಾವುದಕ್ಕೆ ಏನು ತಿನ್ನಿಸಿ ಒಲಿಸಬೇಕು, ಗಾಳದ ಕೋಲು ದಾರ ಹೇಗಿರಬೇಕು, ಎಲ್ಲ ಇದೆ. ನಾನು ಇದನ್ನು ವ್ಯಾನಿನಲ್ಲಿ ಪ್ರಸ್ತಾಪಿಸಿದಾಗ ಪೂರ್ವಪಕ್ಷಿಗಳು ಒಂದೇ ಪ್ರಶ್ನೆ ಕೇಳಿದರು.

“ಅರಸ ಹಿಡಿದದ್ದನ್ನು ತಿಂದಿದ್ದಾನಾ, ಇಲ್ಲವಾ?”

ಅದೇ ಗ್ರಂಥದ ಅನ್ನಭೋಗದಲ್ಲಿ ಮೀನಿನ ಅಡುಗೆಯೂ ಇದೆ ಎಂದೆ.

“ಹಾಗಾದರೆ ಅವನೇ ಪ್ರಮಾಣ ಮಾರಾಯ್ರೆ. ನಿಮ್ಮ ಭಾವಮೈದುನನ ವಿಡಿಯೊ ಎಲ್ಲ ಆಮೇಲೆ.”

ಪ್ರಸ್ಥಾನ ಪ್ರಕರಣ

ಬೆಳಿಗ್ಗೆ ಐದಕ್ಕೆ ಹೊರಡುವುದೆಂದು ನಿರ್ಧಾರವಾಗಿತ್ತು. ಹೊರಟಾಗ ಎಂಟೂ ಮುಕ್ಕಾಲು. ಅಮೆರಿಕದ ಭೂವಿಜ್ಞಾನ ಸರ್ವೆ ಇಲಾಖೆ ನದಿಗಳ ಮಟ್ಟವನ್ನೂ ಹರಿವನ್ನೂ ಅಳೆದು ಹೊತ್ತುಹೊತ್ತಿಗೆ ಪ್ರಕಟಿಸುತ್ತದೆ. ಸಿದ್ಧಾಂತಿ ಆ ಅಂಕಿಗಳನ್ನು ಚಂದ್ರನ ಸ್ಥಿತಿಯೊಂದಿಗೆ ಗುಣಿಸಿ, ಗಾಳಿಯ ದಿಕ್ಕಿನಿಂದ ಭಾಗಿಸುತ್ತ ಕೂತಿದ್ದ. ಮೀನ ಮೇಷ ಎಣಿಸುವುದು ಎಂಬ ನುಡಿಗಟ್ಟು ಮೀನಿನಿಂದಲೇ ಶುರುವಾಗುವುದು ಏಕೆಂದು ನನಗೆ ಅಂದು ಹೊಳೆಯಿತು. ಮೇಷದವರೆಗೆ ಯಾರೂ ತಲುಪಿರಲಾರರು.

ನಾವಿರುವ ಆಲ್ಫರೆಟ್ಟ ಅಟ್ಲಾಂಟಾದ ಉತ್ತರಕ್ಕೆ. ನದಿ ದಕ್ಷಿಣಕ್ಕೆ. ಊರನ್ನು ಸೀಳಿಕೊಂಡು ವಿಮಾನ ನಿಲ್ದಾಣ ದಾಟುವಾಗ ಸಿದ್ಧಾಂತಿ ಗಾಜು ಇಳಿಸಿ ಕೈ ತೋರಿಸಿದ. “ಭಾವ, ಫ್ಲಿಂಟ್ ಹುಟ್ಟೋದು ಇಲ್ಲೇ.” ಅಲ್ಲಿ ಕಂಡದ್ದು ಪಾರ್ಕಿಂಗ್ ಕಟ್ಟಡ. ಆದರೆ ಅವನು ಹೇಳಿದ್ದು ದಿಟ. ಜಗತ್ತಿನ ಅತ್ಯಂತ ಗಡಿಬಿಡಿಯ ವಿಮಾನ ನಿಲ್ದಾಣಗಳಲ್ಲಿ ಒಂದಾದ ಹಾರ್ಟ್ಸ್‌ಫೀಲ್ಡ್-ಜಾಕ್ಸನ್ನಿನ ಆಸುಪಾಸಿನಲ್ಲಿ ಸಣ್ಣ ತೊರೆಯಾಗಿ ಹುಟ್ಟಿ, ರನ್‌ವೇಗಳ ಅಡಿಯಲ್ಲಿ ಕೊಳವೆಗಳಲ್ಲಿ ತೂರಿ ಈ ನದಿ ಆಚೆ ಬರುತ್ತದೆ. ನದಿಮೂಲ ಋಷಿಮೂಲ ಹುಡುಕಬಾರದು ಎಂದ ಹಿರಿಯರು ಹಾರ್ಟ್ಸ್‌ಫೀಲ್ಡನ್ನು ನೋಡಿಯೇ ಹೇಳಿದಂತಿದೆ. ಊರಿನಿಂದ ಬರುವ ಅಪ್ಪ ಅಮ್ಮಂದಿರನ್ನು ಕಾಯುತ್ತ, ಕಸ್ಟಮ್ಸಿನವರು ಚಟ್ನಿಪುಡಿಯನ್ನು ತಡೆದಾರೇ ಎಂದು ಕಳವಳಪಡುತ್ತ, ಹದಿನಾರು ವರ್ಷದಿಂದ ನಾನು ಈ ನದಿಯ ನೆತ್ತಿಯ ಮೇಲೆ ನಿಂತಿದ್ದೇನೆ. ತಲಕಾವೇರಿಯಲ್ಲಿ ಆಗಿದ್ದರೆ ಮಿಂದು ಬರುತ್ತಿದ್ದೆವು.

ಫ್ಲಿಂಟ್ ಎಂದರೆ ಚಕಮಕಿ ಕಲ್ಲು. ಸುಮಾರು 340 ಮೈಲಿ ಹರಿದು, ಫ್ಲಾರಿಡಾದ ಗಡಿಯಲ್ಲಿ ಚಟ್ಟಹೂಚಿ ನದಿಯನ್ನು ಸೇರಿ, ಅಪಲಾಚಿಕೋಲ ಎಂಬ ಮೂರನೆಯ ಹೆಸರಿನಲ್ಲಿ ಮೆಕ್ಸಿಕೊ ಕೊಲ್ಲಿಗೆ ಬೀಳುತ್ತದೆ. ಶೋಲ್ ಬ್ಯಾಸ್ ಮೂಲತಃ ಈ ಮೂರು ನದಿಗಳ ಬಯಲಿಗೆ ಸೇರಿದ್ದು. ಇಲ್ಲಿ ಪ್ರಬಂಧಕಾರ ಅಣಕನ್ನು ಅರೆಗಳಿಗೆ ಬದಿಗಿಡುತ್ತಾನೆ. ಈ ಮೀನು ಅಪರೂಪವಾದದ್ದಕ್ಕೆ ಜ್ಯೋತಿಷ್ಯ ಬೇಕಿಲ್ಲ. ಅದಕ್ಕೆ ಕಲ್ಲಿನ ಮೇಲೆ ಹರಿಯುವ ನೀರು ಬೇಕು. ಅಣೆಕಟ್ಟು ಕಟ್ಟಿದಲ್ಲಿ ಶೋಲುಗಳು ಹಿನ್ನೀರಿನಲ್ಲಿ ಮುಳುಗುತ್ತವೆ. ನಿಂತ ನೀರು ಲಾರ್ಜ್‌ಮೌತ್‌ಗೆ ಹಬ್ಬ, ಶೋಲ್ ಬ್ಯಾಸ್‌ಗೆ ಮನೆ ಮುಳುಗಡೆ. ಚಟ್ಟಹೂಚಿಯ ಮೇಲೆ ಸಾಲುಸಾಲು ಕಟ್ಟೆಗಳು ಬಂದವು. ಹೊಲದ, ಕಟ್ಟಡ ಕೆಲಸದ ಹೂಳು ಬಂದು ಕಲ್ಲಿನ ಸಂದು ತುಂಬಿತು. ಹೊರಗಿನಿಂದ ತಂದುಬಿಟ್ಟ ಸ್ಪಾಟೆಡ್ ಬ್ಯಾಸ್ ಇದರೊಡನೆ ಕೂಡಿ ತಳಿ ಬೆರೆಯಿತು.

ಫ್ಲಿಂಟ್ ಉಳಿದದ್ದಕ್ಕೆ ಒಬ್ಬ ಮನುಷ್ಯನ ಹಟವೂ ಕಾರಣ. ನಾವು ಹೊರಟಿದ್ದ ಸ್ಪ್ರೂಯೆಲ್ ಬ್ಲಫ್ ಎಂಬಲ್ಲಿ ದೊಡ್ಡ ಅಣೆಕಟ್ಟು ಬರಬೇಕಿತ್ತು. ಆಗ ರಾಜ್ಯದ ಗವರ್ನರ್ ಆಗಿದ್ದವರು ಜಿಮ್ಮಿ ಕಾರ್ಟರ್. ಸ್ವತಃ ನೌಕಾಪಡೆಯಲ್ಲಿ ಎಂಜಿನಿಯರಿಂಗ್ ಕಲಿತವರು, ಗಾಳದ ಹುಚ್ಚು ಇದ್ದವರು. ತಾವೇ ಸಣ್ಣ ದೋಣಿಯಲ್ಲಿ ಕೂತು ನದಿ ನೋಡಿದರು, ಯೋಜನೆಯ ಲೆಕ್ಕ ಓದಿದರು, ಲೆಕ್ಕ ಒಪ್ಪದೆ 1973ರಲ್ಲಿ ತಡೆದರು. ಹಾಗಾಗಿ ಫ್ಲಿಂಟ್ ಇನ್ನೂರು ಮೈಲಿಗೂ ಹೆಚ್ಚು ದೂರ ಯಾರ ಅಪ್ಪಣೆಯೂ ಇಲ್ಲದೆ ಹರಿಯುತ್ತದೆ. ಚಟ್ಟಹೂಚಿಯ ಕಡೆಯೂ ಕೊಂಚ ಬುದ್ಧಿ ಬಂದಿದೆ. ಕೊಲಂಬಸ್ ಪಟ್ಟಣದಲ್ಲಿ ಹಳೆಯ ಗಿರಣಿಗಳ ಎರಡು ಕಟ್ಟೆಗಳನ್ನು 2012 ಮತ್ತು 2013ರಲ್ಲಿ ಒಡೆದು ನೀರನ್ನು ಬಂಡೆಗೆ ಮರಳಿಸಿದರು.

ನಮ್ಮ ಕಾವೇರಿಯ ಬಿಳಿಮೀನು, ಅಂದರೆ ಗೂನುಬೆನ್ನಿನ ಮಹಶೀರ್, ಇದರ ಕಥೆಗೆ ಒಡಹುಟ್ಟು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ಇತ್ತು. ಅದೂ ಕಲ್ಲು, ಸೆಳವು, ಆಳದ ಮಡುಗಳ ಮೀನು. ಕಾವೇರಿ ಕಣಿವೆ ಬಿಟ್ಟು ಬೇರೆಡೆ ಇಲ್ಲ. 2018ರಲ್ಲಿ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದ್ದಾರೆ. ಎರಡು ಖಂಡಗಳ ಎರಡು ಮೀನು, ವಿಳಾಸ ಮಾತ್ರ ಒಂದೇ: ಕಟ್ಟಿಹಾಕದ ನೀರು. ಈಗ ಅಣಕಿಗೆ ಮರಳೋಣ.

ಶಾಸನ ಪ್ರಕರಣ

ಥಾಮಸ್ಟನ್ ಎಂಬ ಊರು ದಾಟಿ ಪಡುವಣಕ್ಕೆ ಹೊರಳಿದರೆ ಸ್ಪ್ರೂಯೆಲ್ ಬ್ಲಫ್. ನದಿಗಿಳಿಯುವ ದಾರಿಯಲ್ಲಿ ಒಂದು ಶಾಸನ ದೊರೆಯಿತು. ಬಿ. ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ ಮಾದರಿಯಲ್ಲಿ ವರದಿ ಹೀಗಿದೆ. ಸ್ಥಳ: ಅಪ್ಸನ್ ಕೌಂಟಿ, ಕಚ್ಚಾ ರಸ್ತೆಯ ಎಡಬದಿ. ಪ್ರಮಾಣ: ಮೂರಡಿಗೆ ಎರಡಡಿ, ತಗಡು. ಲಿಪಿ: ರೋಮನ್. ಭಾಷೆ: ಸರಕಾರಿ. ಸ್ಥಿತಿ: ಬಂದೂಕಿನ ಗುಂಡು ತಗುಲಿ ನಾಲ್ಕನೆಯ ಸಾಲಿನಲ್ಲಿ ಎರಡಕ್ಷರ ತ್ರುಟಿತ. ತಾತ್ಪರ್ಯ: ಹದಿನಾರು ತುಂಬಿದವರೆಲ್ಲ ಲೈಸೆನ್ಸ್ ಇಲ್ಲದೆ ಗಾಳ ಹಾಕಕೂಡದು. ನಮ್ಮ ಶಾಸನಗಳಲ್ಲಿ ಇದನ್ನು ಅಳುಪಿದವನಿಗೆ ವಾರಣಾಸಿಯಲ್ಲಿ ಸಾಸಿರ ಕವಿಲೆಯನ್ನು ಕೊಂದ ಪಾಪ ಬರುತ್ತದೆ. ಇಲ್ಲಿ ಬರೀ ದಂಡ. ಶಾಪಾಶಯ ಭಾಗದಲ್ಲಿ ಅಮೆರಿಕನ್ನರು ತೀರಾ ಹಿಂದುಳಿದಿದ್ದಾರೆ.

ಅಭಾವ ಪ್ರಕರಣ

ನದಿ ಚೆಲುವಾಗಿತ್ತು. ಬಂಡೆಗಳ ಸಂದಿನಲ್ಲಿ ಸ್ಪೈಡರ್ ಲಿಲಿ ಎಂಬ ಬಿಳಿಯ ಹೂವು ನೀರಿನ ನಡುವೆಯೇ ಬೇರೂರಿ ಅರಳಿ ನಿಂತಿತ್ತು. ಅದೂ ಇಂಥ ಶೋಲುಗಳಲ್ಲಿ ಮಾತ್ರ ಬದುಕುವ ಗಿಡ. ಮೀನೊಂದು ಬಿಟ್ಟು ಎಲ್ಲ ಇತ್ತು.

ನ್ಯಾಯ ವೈಶೇಷಿಕರ ಮತದಲ್ಲಿ ಅಭಾವ ನಾಲ್ಕು ಬಗೆ. ಶತಮಾನಗಳಿಂದ ಗಡಿಗೆ ಮತ್ತು ಬಟ್ಟೆಯ ಉದಾಹರಣೆಯಲ್ಲೇ ಸವೆದುಹೋಗಿದ್ದ ಈ ವಿಭಾಗಕ್ಕೆ ಅಂದು ಫ್ಲಿಂಟ್ ನದಿಯಲ್ಲಿ ಹೊಸ ಜೀವ ಬಂತು.

ಮೊದಲನೆಯದು ಪ್ರಾಗಭಾವ: ವಸ್ತು ಹುಟ್ಟುವ ಮುಂಚಿನ ಇಲ್ಲದಿರುವಿಕೆ. ಇದು ಸಿದ್ಧಾಂತಿಯ ನಿಲುವು. ಹನ್ನೊಂದಕ್ಕೆ ಅವನು, “ಬಿಸಿಲು ಜಾಸ್ತಿ ಆಯ್ತು ಭಾವ, ಮೋಡ ಬಂದ್ರೆ ಬರುತ್ತೆ,” ಎಂದ. ಮೋಡ ಬಂತು. “ಮೋಡ ಸರಿದ್ರೆ ಬರುತ್ತೆ,” ಎಂದ.

ಎರಡನೆಯದು ಪ್ರಧ್ವಂಸಾಭಾವ: ಇದ್ದದ್ದು ನಾಶವಾದ ಮೇಲಿನ ಇಲ್ಲದಿರುವಿಕೆ. ಇದನ್ನು ಪ್ರತಿಪಾದಿಸಿದವರು ದಡದಲ್ಲಿ ಕುರ್ಚಿ ಹಾಕಿಕೊಂಡು ಕೋಳಿಯ ಈಲಿಯನ್ನು ಗಾಳಕ್ಕೆ ಸಿಕ್ಕಿಸಿ ಕೂತಿದ್ದ ಸ್ಥಳೀಯ ಮುದುಕರು. ಅವರಿಗೆ ಬೇಕಾದದ್ದು ಕ್ಯಾಟ್‌ಫಿಶ್. ನಮ್ಮ ಕೋಲು, ಟೋಪಿ, ಬಣ್ಣದ ಕನ್ನಡಕಗಳನ್ನು ಬಹಳ ಹೊತ್ತು ನೋಡಿ, ಹೋದ ಶನಿವಾರ ಬಂದಿದ್ದರೆ ರಾಶಿ ಇತ್ತು ಎಂದರು. ಆಪ್ತವಾಕ್ಯವಾದ್ದರಿಂದ ಇದಕ್ಕೆ ಶಬ್ದಪ್ರಮಾಣದ ಬಲವಿದೆ.

ಮೂರನೆಯದು ಅತ್ಯಂತಾಭಾವ: ಭೂತ, ಭವಿಷ್ಯತ್ತು, ವರ್ತಮಾನ ಮೂರರಲ್ಲೂ ಇಲ್ಲದಿರುವಿಕೆ. ಉದಾಹರಣೆಗೆ ಪೂರ್ವಪಕ್ಷಿಗಳ ಐಸ್ ಪೆಟ್ಟಿಗೆಯಲ್ಲಿ ಮೀನು.

ಪೂರ್ವಪಕ್ಷಿಗಳು ಈ ಹೊತ್ತಿಗೆ ಕೋಲು ಮಡಚಿಟ್ಟು ನೆರಳಿನಲ್ಲಿ ಕೂತು ಜಾರ್ಜಿಯಾದ ಪುರಾಣವೊಂದನ್ನು ಸಿದ್ಧಾಂತಿಯಿಂದ ಕೇಳುತ್ತಿದ್ದರು. 1932ರ ಜೂನ್ 2ರಂದು ಇದೇ ರಾಜ್ಯದ ಮಾಂಟ್ಗಮರಿ ಲೇಕಿನಲ್ಲಿ ಜಾರ್ಜ್ ಪೆರ್ರಿ ಎಂಬ ಬಡ ರೈತ 22 ಪೌಂಡ್ 4 ಔನ್ಸಿನ ಲಾರ್ಜ್‌ಮೌತ್ ಬ್ಯಾಸ್ ಹಿಡಿದ. ವಿಶ್ವದಾಖಲೆ. ತೂಗಿ, ಅಳೆದು, ಮನೆಗೆ ಒಯ್ದರು, ಮನೆಯವರೆಲ್ಲ ಸೇರಿ ತಿಂದರು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟ ಎಂಬವರು ಅದಕ್ಕಿಂತ ಹೆಚ್ಚು ತೂಗುವ ಮೀನು ಹಿಡಿದರು, ಹೆಚ್ಚಾದದ್ದು ಮಾತ್ರ ಒಂದು ಔನ್ಸಿಗೂ ಕೊಂಚ ಕಮ್ಮಿ. ಆದರೆ ಹಳೆಯ ದಾಖಲೆ ಮುರಿಯಲು ಎರಡು ಔನ್ಸಾದರೂ ಹೆಚ್ಚಿರಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಹಾಗಾಗಿ ಇಬ್ಬರದೂ ಸಮ. ಸಿದ್ಧಾಂತಿ ಈ ಎರಡು ಔನ್ಸಿನ ನ್ಯಾಯಸೂಕ್ಷ್ಮವನ್ನು ಭಾವುಕನಾಗಿ ವಿವರಿಸುತ್ತಿದ್ದಾಗ ಪೂರ್ವಪಕ್ಷಿಗಳು ಕೇಳಿಸಿಕೊಂಡದ್ದು ಒಂದೇ ಪದ.

“ತಿಂದರಲ್ಲ! ಅದು ಮೀನು ಹಿಡಿದ ಮನುಷ್ಯ ಮಾರಾಯ್ರೆ.”

ಉಪಮಾನ ಪ್ರಮಾಣವನ್ನು ಪ್ರಯೋಗಿಸಿದವನು ನಾನು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಚೆಲ್ಲಿದರೆ ಮೊಳದುದ್ದದ ಮೀನುಗಳು ಒಂದರ ಮೇಲೊಂದು ಏರಿ ಬರುತ್ತವೆ, ಅಲ್ಲಿ ಹಿಡಿಯುವಂತಿಲ್ಲ. ಇಲ್ಲಿ ಹಿಡಿಯಬಹುದು, ಬರುವುದಿಲ್ಲ. ಆದ್ದರಿಂದ ಹಿಡಿಯಬೇಕೆಂಬ ಬಯಕೆಯೇ ಮೀನಿನ ಅಭಾವಕ್ಕೆ ಕಾರಣ ಎಂದು ಸೂತ್ರ ಕಟ್ಟುತ್ತ, ಊಟದ ಡಬ್ಬ ಹಿಡಿದು ಬಂಡೆಯಿಂದ ಬಂಡೆಗೆ ದಾಟುತ್ತಿದ್ದೆ. ಪಾಚಿಗೆ ಸೂತ್ರ ತಿಳಿಯಲಿಲ್ಲ. ನಾನು ಸೊಂಟದವರೆಗೆ ನೀರಿನಲ್ಲಿ, ನಾಲ್ಕು ಜನರ ಪುಳಿಯೋಗರೆ ಸಂಪೂರ್ಣವಾಗಿ ನದಿಯಲ್ಲಿ. ಖಾಲಿ ಸ್ಟೀಲ್ ಡಬ್ಬ ನೆಟ್ಟಗೆ ಕೂತು ದೋಣಿಯ ಹಾಗೆ ಶೋಲಿನ ಇಳಿಜಾರಿನಲ್ಲಿ ತೇಲುತ್ತ ತಿರುವಿನಾಚೆ ಹೋಯಿತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಂಬ ಗಾದೆಯನ್ನು ಪ್ರಯೋಗದಿಂದ ಸಾಧಿಸಿ ತೋರಿಸಿದ ಮೊದಲಿಗ ನಾನೇ ಇರಬೇಕು.

ಜಿಹ್ವಾ ಪ್ರಕರಣ

ಅನ್ನ ಬಿದ್ದ ಇಪ್ಪತ್ತು ನಿಮಿಷಕ್ಕೆ, ಅದೇ ಬಂಡೆಯ ಕೆಳಗೆ, ಧಾರವಾಡದವರ ಕೋಲು ಬಾಗಿತು. ಅವರು ಬೆಳಗಿನಿಂದ ಗಾಳವನ್ನು ನೀರಿಗೆ ಬಿಟ್ಟು ಫೋನಿನಲ್ಲಿ ಯಾರೊಡನೆಯೋ ಮಾತಾಡುತ್ತಿದ್ದರು, ಆಗಲೂ ಆಡುತ್ತಿದ್ದರು. “ತಡೀ, ಏನೋ ಜಗ್ಗಾಕತ್ತೈತಿ,” ಎಂದು ಫೋನಿಗೆ ಹೇಳಿ, ಒಂದೇ ಕೈಯಲ್ಲಿ ಸುತ್ತಿದರು. ಮೀನು ಬಂತು. ಹನ್ನೊಂದು ಇಂಚು. ಹಸಿರುಗಂದು ಮೈ, ಪಕ್ಕದಲ್ಲಿ ಹುಲಿಯ ಹಾಗೆ ಉದ್ದುದ್ದ ಪಟ್ಟೆ, ಕೆಂಪು ಕಣ್ಣು.

ಪುಳಿಯೋಗರೆಯೇ ಕಾರಣವೆಂದು ನಾನು. ಕ್ರೇಫಿಶ್ ಆಕಾರದ ಕಂದು ರಬ್ಬರಿನ ಹುಸಿಮೇವು ಕಾರಣ, ಭಾವನದು ಕಾಕತಾಳೀಯ ಎಂದು ಸಿದ್ಧಾಂತಿ. ಈ ವಾದ ಇನ್ನೂ ಇತ್ಯರ್ಥವಾಗಿಲ್ಲ. ಅದಕ್ಕಿಂತ ಗಹನವಾದ ನಾಲ್ಕನೆಯ ಅಭಾವ ಅಷ್ಟರಲ್ಲಿ ಎದುರಾಯಿತು: ಅನ್ಯೋನ್ಯಾಭಾವ, ಅಂದರೆ ಇದು ಅದಲ್ಲ ಎಂಬುದು. ಹಿಡಿದದ್ದು ಶೋಲ್ ಬ್ಯಾಸೋ, ಸ್ಪಾಟೆಡ್ ಬ್ಯಾಸೋ, ಇಬ್ಬರಿಗೂ ಹುಟ್ಟಿದ ಬೆರಕೆಯೋ? ಬಾಯಿಯ ಅಂಚು ಕಣ್ಣು ದಾಟಿ ಹಿಂದೆ ಹೋಗಿರಲಿಲ್ಲವಾದ್ದರಿಂದ ಲಾರ್ಜ್‌ಮೌತ್ ಅಲ್ಲ, ಅಷ್ಟು ಖಚಿತ. ಉಳಿದದ್ದಕ್ಕೆ ಶಾಸ್ತ್ರ ಹೇಳುವ ಲಕ್ಷಣ ನಾಲಿಗೆಯದು. ಸ್ಪಾಟೆಡ್ ಮತ್ತು ರೆಡ್‌ಐ ಬ್ಯಾಸುಗಳ ನಾಲಿಗೆಯ ಮೇಲೆ ಸಣ್ಣ ಹಲ್ಲುಗಳ ಪಟ್ಟಿಯೊಂದಿದ್ದು ಮುಟ್ಟಿದರೆ ಉಪ್ಪುಕಾಗದದ ಹಾಗೆ ಒರಟು. ಶೋಲ್ ಬ್ಯಾಸಿನ ನಾಲಿಗೆ ನುಣುಪು.

“ಬಾಯೊಳಗೆ ಹೆಬ್ಬೆಟ್ಟು ಹಾಕಿ ನಾಲಿಗೆ ಮುಟ್ಟಿ ನೋಡಿ ಸಾರ್, ಹಲ್ಲಿದೆಯಾ?” ಎಂದು ಸಿದ್ಧಾಂತಿ ನಡುಗುವ ದನಿಯಲ್ಲಿ ಕೇಳಿದ.

“ನಾಲಿಗಿ ಮ್ಯಾಲ ಹಲ್ಲ ನಮ್ಮ ಆಫೀಸಿನ ಬಾಸ್‌ಗೂ ಅದಾವ ತಮ್ಮಾ. ಅದೇನ್ ದೊಡ್ಡ ಗುರುತಲ್ಲ,” ಎನ್ನುತ್ತ ಅವರು ಹೆಬ್ಬೆಟ್ಟು ಹಾಕಿದರು.

ನಾನು ಫೋಟೊ ತೆಗೆದೆ. ಪೂರ್ವಪಕ್ಷಿಗಳು ಐಸ್ ಪೆಟ್ಟಿಗೆಯ ಮುಚ್ಚಳ ತೆರೆದರು. ಮೀನು ಇವೆರಡನ್ನೂ ನೋಡಿತೋ ಏನೋ, ಒಮ್ಮೆ ಮೈ ಕೊಡವಿ ಧಾರವಾಡದವರ ಕೈಯಿಂದ ಜಾರಿ, ಬಂಡೆಗೊಂದು ಏಟು ಕೊಟ್ಟು, ನೀರಿಗೆ ಹೋಯಿತು. ಸಿದ್ಧಾಂತಿ ನೀರನ್ನು ನೋಡಲಿಲ್ಲ, ಅವರ ಹೆಬ್ಬೆಟ್ಟನ್ನು ನೋಡುತ್ತಿದ್ದ.

“ನಾಲಿಗೆ ಹೇಗಿತ್ತು ಸಾರ್?”

ಧಾರವಾಡದವರು ಕಣ್ಣು ಮುಚ್ಚಿ ನೆನಪು ಮಾಡಿಕೊಂಡರು.

“ತಂಪ ಇತ್ತು.”

ಫೋಟೊದಲ್ಲಿ ಮೀನಿನ ತಲೆಯ ಭಾಗವನ್ನು ನನ್ನ ಬೆರಳು ಸಂಪೂರ್ಣವಾಗಿ ಆವರಿಸಿದೆ. ಲಭ್ಯ ಬಾಲಭಾಗದಲ್ಲಿ ಮೂರು ಪಟ್ಟೆಗಳಿವೆ. ಪ್ರತಿ ತ್ರುಟಿತವಾದ್ದರಿಂದ ಪಾಠ ನಿರ್ಣಯ ಸಾಧ್ಯವಾಗಿಲ್ಲ.

ಅದೇ ಸಂಜೆ ಸಿದ್ಧಾಂತಿಯ ಮತ್ತೊಂದು ಹುಸಿಮೇವು ಸಿಕಮೋರ್ ಮರದ ಕೊಂಬೆಗೆ ಸಿಕ್ಕಿಕೊಂಡಿತು. ರಾತ್ರಿ ಥಾಮಸ್ಟನ್ನಿನಲ್ಲಿ ತಂಗಿ, ಭಾನುವಾರ ಬೆಳಿಗ್ಗೆ ಮತ್ತೆ ನದಿಗಿಳಿದು, ಅಂಗೈಯಗಲದ ಒಂದು ರೆಡ್‌ಬ್ರೆಸ್ಟ್ ಸನ್‌ಫಿಶ್ ಹಿಡಿದು ಬಿಟ್ಟು, ಮಧ್ಯಾಹ್ನಕ್ಕೆ ಮನೆ ಸೇರಿದೆವು. ಪೂರ್ವಪಕ್ಷಿಗಳು ದಾರಿಯಲ್ಲಿ ಐಸ್ ಪೆಟ್ಟಿಗೆಗೆ ಕಲ್ಲಂಗಡಿ ತುಂಬಿಸಿಕೊಂಡರು.

“ಸಿಕ್ತಾ?” ಎಂದಳು ಹೆಂಡತಿ.

ಸಿಕ್ಕಿತೆನ್ನುವಂತಿಲ್ಲ, ಸಿಗಲಿಲ್ಲವೆನ್ನುವಂತಿಲ್ಲ, ಅನಿರ್ವಚನೀಯ ಎಂದೆ. ಅವಳು ಚೀಲದೊಳಗೆ ಕೈ ಹಾಕಿ ಹುಡುಕುತ್ತಿದ್ದಳು.

“ಡಬ್ಬ ಎಲ್ರೀ?”

ಈ ಪ್ರಶ್ನೆಗೆ ಪ್ರಧ್ವಂಸಾಭಾವ ಎಂಬ ಶಾಸ್ತ್ರೀಯ ಉತ್ತರವನ್ನು ಕೊಡಬಾರದೆಂದು ಅನುಭವದಿಂದ ಹೇಳುತ್ತೇನೆ.

ವಿಜ್ಞಾಪನೆ

ಸದರಿ ಡಬ್ಬ ಸ್ಟೀಲಿನದು, ಎರಡು ಸೇರಿನದು, ಮುಚ್ಚಳ ನಮ್ಮಲ್ಲೇ ಇದೆ. ತಳದಲ್ಲಿ ಚುಕ್ಕೆಚುಕ್ಕೆ ಕನ್ನಡ ಅಕ್ಷರದಲ್ಲಿ ಮದುವೆಯಲ್ಲಿ ಉಡುಗೊರೆ ಕೊಟ್ಟವರ ಹೆಸರೂ ತಾರೀಖೂ ಕೆತ್ತಿದೆ. ಅದು ಈಗ ಅಪಲಾಚಿಕೋಲದ ಕಡೆಗೆ ಸಾಗುತ್ತಿರಬಹುದು. ಇನ್ನೊಂದು ಸಾವಿರ ವರ್ಷಕ್ಕೆ ಯಾರಾದರೂ ಅದನ್ನು ಮೆಕ್ಸಿಕೊ ಕೊಲ್ಲಿಯ ಮರಳಿನಿಂದ ಅಗೆದು, ಕವಿರಾಜಮಾರ್ಗ ಕಾವೇರಿ ಗೋದಾವರಿಗಳ ನಡುವೆ ಎಳೆದ ಕನ್ನಡ ನಾಡಿನ ಗಡಿಯನ್ನು ಫ್ಲಾರಿಡಾದವರೆಗೆ ಹಿಗ್ಗಿಸಿ, ಅಟ್ಲಾಂಟಾದ ಕನ್ನಡ ಕೂಟಕ್ಕೆ ನೃಪತುಂಗನ ಹೆಸರಿದ್ದುದನ್ನೇ ಪೋಷಕ ಸಾಕ್ಷ್ಯವಾಗಿ ಒಡ್ಡಿ ಡಾಕ್ಟರೇಟು ಪಡೆಯುವ ಅಪಾಯವಿದೆ. ಅದಕ್ಕೆ ಮುಂಚೆ ಆ ದಾರಿಯಲ್ಲಿ ಹೋಗುವ ಕನ್ನಡಿಗರು ದಯವಿಟ್ಟು ನದಿಯ ಅಂಚಿನಲ್ಲಿ ಕಣ್ಣಿಟ್ಟಿರಬೇಕು. ಡಬ್ಬ ತಂದುಕೊಟ್ಟವರಿಗೆ ಅದರ ತುಂಬ ಪುಳಿಯೋಗರೆ. ಸಿಕಮೋರ್ ಮರ ದೋಣಿ ಇಳಿಸುವ ಜಾಗದಿಂದ ಕೆಳಕ್ಕೆ ಎರಡನೆಯದು. ನೀರು ಕಮ್ಮಿ ಇದ್ದರೆ ಕೊಂಬೆ ಕೈಗೆ ಎಟಕುತ್ತದೆ.